ಇಟಲಿಯ ಬೀಜ, ನಮ್ಮ ಹಗೇವು

ಇಟಲಿ ಎಂಬ ದೇಶ ಎಲ್ಲಿದೆ ಎಂದು ನಮ್ಮಪ್ಪನಿಗೆ ಗೊತ್ತಿರಲಿಲ್ಲ. ಬೊಂಬಾಯಿ ದಾಟಿ, ಸಮುದ್ರ ದಾಟಿ, ಅದರಾಚೆ ಎಲ್ಲೋ ಇದೆ ಎಂದಷ್ಟೇ ತಿಳಿದಿತ್ತು. ಆದರೂ ಆ ದೇಶದವರ ಮೇಲೆ ಅವನಿಗಿದ್ದ ನಂಬಿಕೆ ಗೋಡೆಯಾಚೆಯ ದಾಯಾದಿಗಳ ಮೇಲೆ ಇರಲಿಲ್ಲ. ವರ್ಷಕ್ಕೊಮ್ಮೆ ಅಲ್ಲಿಂದ ಬಿತ್ತನೆಯ ಆಲೂಗೆಡ್ಡೆ ಹಡಗು ಹತ್ತಿ ಬೊಂಬಾಯಿಗೆ ಬರುತ್ತಿತ್ತು. ಅಲ್ಲಿಂದ ರೈಲಿನಲ್ಲಿ ಹಾಸನ, ಹಾಸನದಿಂದ ಎತ್ತಿನ ಗಾಡಿಯಲ್ಲಿ ಕಟ್ಟಾಯದ ಪಕ್ಕದ ನಮ್ಮೂರು. ಬಿಳಿ ಮರದ ಪೆಟ್ಟಿಗೆ, ಒಳಗೆ ಒಣಹುಲ್ಲು, ಹುಲ್ಲಿನ ನಡುವೆ ಒಂದೇ ಅಳತೆಯ ದುಂಡು ಗೆಡ್ಡೆಗಳು.

"ಮೋಸ ಗೊತ್ತಿಲ್ದ ಜನ ಕಣಮ್ಮಿ. ಮೇಲೆ ಒಳ್ಳೇದು, ತಳಕ್ಕೆ ಕೆಟ್ಟದ್ದು ಅಂತ ತುಂಬಾಕಿಲ್ಲ" ಎಂದು ಅಪ್ಪ ಅವ್ವನ ಮುಂದೆ ಹೊಗಳುತ್ತಿದ್ದ.

"ಅಂಗಾರೆ ಮಗಳ್ಗೂ ಅಲ್ಲೇ ಒಂದು ಗಂಡು ನೋಡ್ಕಬನ್ನಿ" ಎನ್ನುತ್ತಿದ್ದಳು ಅವ್ವ.

ಆ ಮಗಳು ನಾನು. ಆಗ ಹದಿನಾರು ವರ್ಷ, ಒಬ್ಬಳೇ ಮಗಳು, ಬಾಯಿ ಜೋರು. ಪೆಟ್ಟಿಗೆ ಬಂದ ದಿನ ಊರ ಹೆಂಗಸರೆಲ್ಲ ಈಳಿಗೆಮಣೆ ಹಿಡಿದು ನಮ್ಮ ಜಗಲಿಗೆ ಬರುತ್ತಿದ್ದರು. ಒಂದೊಂದು ಹೋಳಿಗೂ ಎರಡೆರಡು ಮೊಳಕೆಗಣ್ಣು ಬರುವಂತೆ ಗೆಡ್ಡೆ ಕುಯ್ದು, ಕುಯ್ದ ಮೈಗೆ ಒಲೆಯ ಬೂದಿ ಸವರಿ ಕುಕ್ಕೆಗೆ ತುಂಬುವುದು ನಮ್ಮ ಕೆಲಸ. ನಾಲ್ಕು ತಿಂಗಳಿಗೆ ಬೆಳೆ ಕೈಗೆ ಬರುತ್ತಿತ್ತು. ಬಂದದ್ದನ್ನೆಲ್ಲ ಹಾಸನದ ಪೇಟೆಗೆ ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಮುಂದಿನ ವರ್ಷಕ್ಕೆಂದು ಯಾರೂ ಒಂದು ಗೆಡ್ಡೆ ಎತ್ತಿಡುತ್ತಿರಲಿಲ್ಲ. ಹಡಗು ಇದ್ದೇ ಇದೆಯಲ್ಲ! ರಾಗಿ, ಅವರೆ, ಹುರುಳಿಗಳ ಬೀಜ ಕಾಪಾಡುವುದು ನಮ್ಮವರಿಗೆ ನಿದ್ದೆಯಲ್ಲೂ ಗೊತ್ತಿತ್ತು. ಆಲೂಗೆಡ್ಡೆಯ ಬೀಜ ಕಾಪಾಡುವ ವಿದ್ಯೆ ಮಾತ್ರ ಇಟಲಿಯಲ್ಲೇ ಉಳಿದಿತ್ತು.

ಯುದ್ಧ ಶುರುವಾದ ಮರುವರ್ಷ ಬಿತ್ತನೆ ಮುಗಿದು ಗಿಡ ಗೇಣುದ್ದ ಬಂದಿತ್ತು. ಹಾಸನದ ಬೀಜದ ಸಾಹುಕಾರರನ್ನು ಕಾಣಲು ಅಪ್ಪ ಹೋದಾಗ ನಾನೂ ಜೊತೆಗಿದ್ದೆ. ಹಣೆಯ ತುಂಬ ವಿಭೂತಿ ಧರಿಸುತ್ತಿದ್ದ, ಯಾವಾಗಲೂ ನಗುಮುಖದ ಆ ಸಾಹುಕಾರರು ಅಂದು ನಗಲಿಲ್ಲ.

"ಗೌಡ, ಇಟಲಿಯೋರು ನಮ್ ಬಿಳಿ ದೊರೆಗಳ ಮೇಲೆ ಯುದ್ಧಕ್ಕೆ ನಿಂತವ್ರೆ. ಮುಂದಿನ ವರ್ಷಕ್ಕೆ ಅಡಗೂ ಬರಾಕಿಲ್ಲ, ಬೀಜಾನೂ ಇಲ್ಲ."

"ಅವರವರಿಗೆ ಜಗಳ ಬಂದ್ರೆ ನಮಗೇನು ಸಾವ್ಕಾರ್ರೆ? ಅವ್ರು ಬೀಜ ಬೆಳೆಯೋರು, ನಾವು ಬಿತ್ತೋರು. ಇಂಗಿಂಗೆ ಅಂತ ಒಂದು ಕಾಗ್ದ ಬರ್ದು ಆಕಿ" ಎಂದ ಅಪ್ಪ.

"ಕಾಗ್ದಾನೂ ಓಗಾಕಿಲ್ಲ ಗೌಡ. ಇಲ್ಲಿಂದ ಆ ಕಡೀಗೆ ಓಗ್ತಿದ್ದ ಕಾಫೀನೇ ಬಂದರಲ್ಲಿ ಬಿದ್ದೈತಂತೆ. ನಿನ್ ಕಾಗ್ದ ಯಾರು ಒತ್ತಾರು?"

ನಮ್ಮೂರಿಗೆ ಆಲೂಗೆಡ್ಡೆ ತಂದವನೇ ಅಪ್ಪ. ಅವನ ಮಾತು ಕೇಳಿ ಹದಿನಾಲ್ಕು ಮನೆಯವರು ರಾಗಿಯ ಹೊಲ ಒಡೆದು ಗೆಡ್ಡೆ ಹಾಕಿದ್ದರು. ಬೀಜ ನಿಂತುಹೋದರೆ ಆ ಹದಿನಾಲ್ಕು ಮನೆಗೂ ಉತ್ತರ ಹೇಳಬೇಕಾದವನು ತಾನೇ ಎಂದು ಅವನು ತಲೆಗೆ ಹಚ್ಚಿಕೊಂಡ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವ್ವ ಸುಮ್ಮನೆ ಅನ್ನುತ್ತಿರಲಿಲ್ಲ.

ಬೆಳೆ ಕಿತ್ತಾಗ ಅರಕಲಗೂಡು, ಚನ್ನರಾಯಪಟ್ಟಣದ ಕಡೆಯವರು ಎಂದಿನಂತೆ ಎಲ್ಲವನ್ನೂ ಮಾರಿದರು. ಅಪ್ಪ ಮಾತ್ರ ಊರವರನ್ನು ಜಗಲಿಗೆ ಕರೆದು, "ಒಳ್ಳೊಳ್ಳೆ ಗೆಡ್ಡೆ ಆರಿಸಿ ತನ್ನಿ, ಬೀಜಕ್ಕೆ ಮಡಗಾನ. ಕಾಪಾಡೋ ಜವಾಬ್ದಾರಿ ನಂದು" ಎಂದ. ಎಲ್ಲಿ ಇಡುವುದು ಎಂದು ಕೇಳಿದರೆ ಅಂಗಳದ ಹಗೇವನ್ನು ತೋರಿಸಿದ.

ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಕಿರಿದು, ಹೊಟ್ಟೆ ದೊಡ್ಡದು. ತಳಕ್ಕೆ ಹುಲ್ಲು ಹಾಸಿ, ರಾಗಿ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ, ಗಾಳಿ ಆಡದಂತೆ ಮಣ್ಣು ಮೆತ್ತಿಬಿಟ್ಟರೆ ಹತ್ತು ವರ್ಷ ಕಳೆದರೂ ರಾಗಿಗೆ ಹುಳ ಬೀಳುವುದಿಲ್ಲ. ನಮ್ಮಜ್ಜ ತುಂಬಿಸಿದ ರಾಗಿಯನ್ನು ನಮ್ಮಪ್ಪ ಮದುವೆಯಾದ ಮೇಲೆ ತೆಗೆದು ಉಂಡಿದ್ದನಂತೆ. ಮನೆಯಲ್ಲಿ ಉಳಿದ ಗೆಡ್ಡೆ ಸುಕ್ಕುಗಟ್ಟಿ ಮೊಳಕೆ ಬರುವುದನ್ನು ಅಪ್ಪ ನೋಡಿದ್ದ. ಗಾಳಿ ಬೆಳಕು ತಾಗಿ ಹಾಗಾಗುತ್ತದೆ, ಗಾಳಿಯನ್ನೇ ಕಟ್ಟಿಹಾಕಿದರೆ ಗೆಡ್ಡೆ ಇದ್ದ ಹಾಗೇ ಇರುತ್ತದೆ ಎಂಬುದು ಅವನ ಲೆಕ್ಕ. ರಾಗಿ ತಿನ್ನುವವರಿಗೆ ಬೇರೆ ಯಾವ ಲೆಕ್ಕ ಹೊಳೆದೀತು?

ಅವ್ವ ಒಬ್ಬಳೇ ಬೇಡವೆಂದಳು. "ಅದು ಕಾಳಲ್ಲ, ನೀರು ತುಂಬ್ಕಂಡಿರೋ ಪದಾರ್ಥ. ಕುಂಬಳಕಾಯ ಯಾರಾರ ಅಗೇವಿಗೆ ಆಕಿದ್ದು ಕಂಡಿದ್ದೀರಾ?"

"ನಿಂಗೇನು ಗೊತ್ತಾದದು, ಸುಮ್ನಿರು" ಎಂದ ಅಪ್ಪ. ನನಗೆ ಅವ್ವನ ಮಾತು ಸರಿ ಅನ್ನಿಸಿತ್ತು. ಆದರೂ ಗಂಡಸರ ಎದುರು ಅಪ್ಪನ ಪರ ಕಿರುಚಿದವಳು ನಾನೇ. ಅಪ್ಪ ಗೆಲ್ಲಬೇಕು ಎಂಬ ಹುಚ್ಚು ನನಗೆ.

ಹಲವು ಮನೆಯ ದವಸ ಒಂದೇ ಹಗೇವಿಗೆ ಹೋದರೆ ನಮ್ಮಲ್ಲಿ ಒಂದು ಕಟ್ಟುಪಾಡಿತ್ತು. ಬಾಯಿಗೆ ಮೆತ್ತಿದ ಹಸಿ ಮಣ್ಣಿನ ಮೇಲೆ ಮನೆಗೊಬ್ಬರಂತೆ ಅಂಗೈ ಒತ್ತಬೇಕು. ಒತ್ತಿದವರೆಲ್ಲ ಸೇರಿದಾಗ ಮಾತ್ರ ಬಾಯಿ ತೆಗೆಯಬೇಕು. ಒಬ್ಬನೇ ತೆಗೆದವನು ಕಳ್ಳ. ಅಂದು ಹದಿನಾಲ್ಕು ಅಂಗೈ ಬಿದ್ದವು, ಹದಿನೈದನೆಯದು ಅಪ್ಪನದು.

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಅಂಗಳ ಗುಡಿಸುವಾಗ ನನಗೆ ವಾಸನೆ ಬಂತು. ಹುಳಿಹುಳಿಯಾದ, ಹಳಸಿದ ಗಂಜಿಯಂಥ ವಾಸನೆ. ಮಣ್ಣಿಗೆ ಮೂಗು ಹಚ್ಚಿ ನೋಡಿದೆ. ಸಂಶಯವೇ ಇರಲಿಲ್ಲ. ಅಪ್ಪನಿಗೆ ಹೇಳಿದರೆ ಅವನು ನನ್ನ ಮುಖವನ್ನೇ ದಿಟ್ಟಿಸಿ, "ಗೊತ್ತು ಕಣವ್ವ. ಯಾರ್ಗೂ ಅನ್ಬೇಡ" ಎಂದ. ಅವನು ದಿನವೂ ನಸುಕಿನಲ್ಲಿ ಅಲ್ಲಿ ಮಂಡಿಯೂರಿ ಮೂಸುತ್ತಿದ್ದನಂತೆ. ಊಟ ಅರ್ಧಕ್ಕೆ ಇಳಿದಿತ್ತು. ತೆಗೆಯೋಣ ಎಂದರೆ ಎಲ್ಲರನ್ನೂ ಕರೆಯಬೇಕು, ಕರೆದರೆ ಎಲ್ಲರಿಗೂ ಗೊತ್ತಾಗಬೇಕು. ಮೇಲಿನದು ಕೊಳೆತರೂ ತಳದ್ದು ಚೆನ್ನಾಗಿರಬಹುದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆಗ ನಾನು ಬೀದಿಯಲ್ಲಿ ನಿಂತು ಕೂಗಿಬಿಡಬೇಕಿತ್ತು. ಊರೆಲ್ಲ ಕೇಳುವ ನನ್ನ ಬಾಯಿ ಅವತ್ತು ಯಾಕೆ ಬಿದ್ದುಹೋಗಿತ್ತೋ.

ಯುಗಾದಿಯ ಹಿಂದುಮುಂದು ಒಂದು ಸುದ್ದಿ ಬಂತು. ಯುದ್ಧದಲ್ಲಿ ಸೆರೆಸಿಕ್ಕ ಇಟಲಿಯ ಸಿಪಾಯಿಗಳನ್ನು ತಂದು ಬೆಂಗಳೂರಿನಲ್ಲಿ ತಂತಿಬೇಲಿಯೊಳಗೆ ಇಟ್ಟಿದ್ದಾರಂತೆ! ಅಪ್ಪನಿಗೆ ಹೋದ ಜೀವ ಬಂದಂತಾಯಿತು. ಅವರಲ್ಲಿ ರೈತರ ಮಕ್ಕಳು ಇಲ್ಲದೇ ಇರುತ್ತಾರೆಯೇ, ಬೀಜ ಕಾಪಾಡುವ ಬಗೆ ಅವರನ್ನೇ ಕೇಳಿಬಿಡುತ್ತೇನೆ ಎಂದು ಹೊರಟೇಬಿಟ್ಟ. ಯಾವ ಭಾಷೆಯಲ್ಲಿ ಕೇಳುತ್ತೀರಿ ಎಂದು ಅವ್ವ ಕೇಳಿದ್ದಕ್ಕೆ, "ಗೆಡ್ಡೆ ತೋರ್ಸಿದ್ರೆ ಆಯ್ತಪ್ಪ, ಭಾಷೆ ಯಾಕೆ?" ಎಂದ. ಅಡಿಗೆಮನೆಯಲ್ಲಿ ಉಳಿದಿದ್ದ ಎರಡು ಗೆಡ್ಡೆಯನ್ನು ಪಂಚೆಯ ತುದಿಯಲ್ಲಿ ಕಟ್ಟಿಕೊಂಡು ಹೋದವನು ನಾಲ್ಕನೆಯ ದಿನ ವಾಪಸು ಬಂದ.

ಬೇಲಿಯ ಹತ್ತಿರ ಒಬ್ಬ ಎಳೆಯ ಸಿಪಾಯಿ ಸಿಕ್ಕಿದನಂತೆ. ಅಪ್ಪ ಗೆಡ್ಡೆ ತೋರಿಸಿ, ಮುಚ್ಚಿಡುವಂತೆ ಸನ್ನೆ ಮಾಡಿ, ಮೂಗು ಹಿಡಿದುಕೊಂಡು ಕೊಳೆಯಿತೆಂದು ತೋರಿಸಿದ. ಹುಡುಗ ತಲೆ ಅಲ್ಲಾಡಿಸಿದ. ಎರಡೂ ಕೈಯನ್ನು ನೆಲದ ಮೇಲೆ ಹರಡುವಂತೆ ಆಡಿಸಿ, ಬಾಯಿಂದ ಉಫ್ ಉಫ್ ಎಂದು ಊದಿ, ಸೂರ್ಯನ ಕಡೆ ಬೆರಳು ಮಾಡಿ, ಆಮೇಲೆ ತನ್ನ ಕಣ್ಣಿನ ಮೇಲೆ ಅಂಗೈ ನೆರಳು ಹಿಡಿದ. ಅಷ್ಟರಲ್ಲಿ ಕಾವಲಿನವನು ಬಂದು ಅಪ್ಪನನ್ನು ಗದರಿಸಿ ಅಟ್ಟಿದ. ಎರಡೂ ಗೆಡ್ಡೆಯನ್ನು ಬೇಲಿಯೊಳಕ್ಕೆ ಎಸೆದು ಬಂದೆ ಎಂದ ಅಪ್ಪ.

"ಹರಡಿ, ಗಾಳಿ ಆಡ್ಲಿ, ಬೆಳಕು ಬೇಕು, ಬಿಸ್ಲು ಬ್ಯಾಡ ಅಂದವ್ನೆ" ಎಂದಳು ಅವ್ವ. ಕೇಳಿದ ಕೂಡಲೇ ಅವಳಿಗೆ ಸನ್ನೆ ತಿಳಿದುಬಿಟ್ಟಿತ್ತು. ಅಪ್ಪನೂ ದಾರಿಯಲ್ಲೇ ಅದನ್ನು ಅರ್ಥ ಮಾಡಿಕೊಂಡಿದ್ದ ಅಂತ ಕಾಣುತ್ತದೆ. ಜಗಲಿಯ ಕಂಬಕ್ಕೆ ಒರಗಿ ಕೂತು ಗಟ್ಟಿಯಾಗಿ ಅತ್ತ. ನಮ್ಮಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಾರನೆಯ ದಿನ ಹದಿನಾಲ್ಕು ಮನೆಯವರನ್ನೂ ಕರೆದ. "ವಾಸ್ನೆ ಬತ್ತಾ ಐತೆ. ಎಷ್ಟು ಉಳದದೋ ಅಷ್ಟನ್ನ ತೆಗ್ದು ಅರಡಾನ" ಎಂದ. ಒಬ್ಬರೂ ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಎಲ್ಲರೂ, "ಬಿಡಣ್ಣ, ತಳದಾಗೆ ಇದ್ದಾವು" ಎಂದರು.

ಅಂಗೈ ಗುರುತಿನ ಮಣ್ಣು ಒಡೆದು ಚಪ್ಪಡಿ ಸರಿಸಿದಾಗ ಬಂದ ನಾತಕ್ಕೆ ಹೆಂಗಸರು ಸೆರಗು ಮುಚ್ಚಿಕೊಂಡು ಹಿಂದೆ ಸರಿದರು. ಕೆಟ್ಟ ಗಾಳಿ ಇದ್ದರೆ ತಿಳಿಯಲೆಂದು ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಟ್ಟರೆ ಬಾಯಿ ದಾಟುವ ಮುಂಚೆಯೇ ಆರಿತು. ಸೊಪ್ಪಿನ ಕೊಂಬೆ ಇಳಿಬಿಟ್ಟು ಮೇಲೆ ಕೆಳಗೆ ಆಡಿಸಿ ಗಾಳಿ ಬದಲಾಯಿಸಿದರು. ಎರಡನೆಯ ದಿನವೂ ದೀಪ ಆರಿತು. ರಾಗಿಯ ಹಗೇವಾದರೆ ಒಂದು ಹಗಲಿಗೆ ತಿಳಿಯಾಗುತ್ತದೆ, ಇದು ಒಳಗೊಳಗೇ ಮತ್ತೆ ವಿಷ ಹೆರುತ್ತಿತ್ತು. ಮೂರನೆಯ ಬೆಳಿಗ್ಗೆ ಭರಣಿ ಮಳೆಯ ಮೋಡ ಕಟ್ಟಿತು. ಆವತ್ತು ದೀಪ ಒಳಗಿನ ಗೆಡ್ಡೆಗಳ ಗುಡ್ಡೆಯ ನೆತ್ತಿಯವರೆಗೂ ಇಳಿದು ಉರಿಯುತ್ತ ನಿಂತಿತು.

"ಇನ್ನೊಂದಿನ ನೋಡಾನ" ಎಂದರು ಯಾರೋ. ಮಳೆ ಬಿದ್ದು ಹಗೇವಿಗೆ ನೀರು ಇಳಿದರೆ ಉಳಿದದ್ದೂ ಹೋದೀತೆಂದು ಅಪ್ಪ ಒಪ್ಪಲಿಲ್ಲ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ. ಹಗ್ಗ ಹಿಡಿದ ನಾಲ್ವರ ಹಿಂದೆ ನಾನು ನಿಂತಿದ್ದೆ.

"ಮೇಲೆಲ್ಲ ಕೆಸರಾಗೈತೆ. ತಳಕ್ಕೆ ಕೈ ಆಕ್ತೀನಿ" ಎಂಬ ದನಿ ಕೇಳಿಸಿತು. ಕೊಳೆತದ್ದನ್ನು ಬಗೆಯುವ ಪಿಚಪಿಚ ಸದ್ದು ಸ್ವಲ್ಪ ಹೊತ್ತು ಬಂತು. ಗುಡ್ಡೆಯ ಹೊಟ್ಟೆಯಲ್ಲಿ ಹುದುಗಿದ್ದ ಕೆಟ್ಟ ಗಾಳಿಯನ್ನು ಅವನು ತನ್ನ ಕೈಯಾರೆ ಮೇಲೆಬ್ಬಿಸುತ್ತಿದ್ದಾನೆ ಎಂದು ನಮಗೆ ಹೊಳೆಯಲಿಲ್ಲ. ಸದ್ದು ನಿಂತಿತು. ಕೂಗಿದರೆ ಉತ್ತರವಿಲ್ಲ. "ಎಳೀರ್ಲಾ! ಎಳೀರಿ!" ಎಂದು ಅವ್ವ ಕಿರುಚಿದಳು.

ಎಳೆದು ಅಂಗಳದಲ್ಲಿ ಮಲಗಿಸಿದಾಗ ಅಪ್ಪನಿಗೆ ಇನ್ನೂ ಉಸಿರಿತ್ತು. ಎರಡೂ ಕೈ ತೋಳಿನವರೆಗೆ ಕಪ್ಪು ರಾಡಿಯಾಗಿತ್ತು, ಉಗುರಿನ ಸಂದಿಯಲ್ಲಿ ತಳದ ಹುಲ್ಲು ಸಿಕ್ಕಿಕೊಂಡಿತ್ತು. ಅವ್ವ ನೀರಿಗೆ ಓಡಿದಳು. ಸುತ್ತ ನಿಂತವರೆಲ್ಲ ನನ್ನ ಕಡೆ, ಅವನ ಕಡೆ ನೋಡುತ್ತಿದ್ದರು. ಅವನು ಕಣ್ಣು ಬಿಟ್ಟ. ನಾನು ಬಗ್ಗಿ, "ಅಪ್ಪಯ್ಯ, ತಳದಾಗೆ ಬೀಜ ಅವಾ?" ಎಂದು ಕೇಳಿದೆ.

ಅವನು ನನ್ನನ್ನು ನೋಡಿ, "ಅವೆ" ಎಂದ.

ನಿಂತವರೆಲ್ಲ ಉಸಿರು ಬಿಟ್ಟರು. ಯಾರೋ ದೇವರಿಗೆ ಕೈ ಮುಗಿದರು. ಗಾಡಿ ಕಟ್ಟಿ ಹಾಸನದ ಆಸ್ಪತ್ರೆಗೆ ಹೊರಟೆವು, ಆದರೆ ಅರ್ಧ ದಾರಿಯೂ ಕಳೆದಿರಲಿಲ್ಲ, ಅವ್ವನ ತೊಡೆಯ ಮೇಲೆ ಅವನ ಉಸಿರು ನಿಂತಿತು.

ವಾರ ಕಳೆದ ಮೇಲೆ ಊರವರು ಹಗೇವನ್ನು ಬಳಿದು ತೆಗೆದರು. ಬಾಯಿಂದ ತಳದವರೆಗೆ ಕಪ್ಪು ರಾಡಿ, ಒಂದೇ ಒಂದು ಗಟ್ಟಿ ಗೆಡ್ಡೆ ಇರಲಿಲ್ಲ. ಪಾಪ, ಕತ್ತಲಲ್ಲಿ ಕಾಣಲಿಲ್ಲವೇನೋ ಎಂದು ಅವರು ಅವ್ವನಿಗೆ ಸಮಾಧಾನ ಹೇಳಿದರು. ಆ ವರ್ಷ ಎಲ್ಲರೂ ಮತ್ತೆ ರಾಗಿ ಬಿತ್ತಿದರು, ಯಾರ ಮನೆಯ ಒಲೆಯೂ ಆರಲಿಲ್ಲ. ಯುದ್ಧ ಮುಗಿದ ಮೇಲೆ ಬಿತ್ತನೆ ಗೆಡ್ಡೆ ಮತ್ತೆ ಪೇಟೆಗೆ ಬಂತಂತೆ. ಅಷ್ಟರಲ್ಲಿ ನನ್ನನ್ನು ಹೊಳೆನರಸೀಪುರದ ಕಡೆ ಕೊಟ್ಟಾಗಿತ್ತು.

ಕತ್ತಲಲ್ಲಿ ಕಾಣದಿರಬಹುದು, ಕೈಗೆ ತಿಳಿಯದೇ ಹೋದೀತೇ? ಅವನ ಉಗುರಿನಲ್ಲಿ ತಳದ ಹುಲ್ಲಿತ್ತು. ಎಲ್ಲವೂ ಹೋಗಿದೆ ಎಂದು ಗೊತ್ತಿದ್ದೇ ಅವನು "ಅವೆ" ಎಂದ, ನಾನು ಕೇಳಿದೆ ಎಂಬ ಒಂದೇ ಕಾರಣಕ್ಕೆ. ಈಗ ನನಗೆ ಎಂಬತ್ತು ದಾಟಿದೆ. ಅಪ್ಪ ಕಣ್ಣು ಬಿಟ್ಟಾಗ ಅವ್ವ ನೀರು ತರಲು ಓಡಿದ್ದಳು. ಮಗಳಾದ ನಾನು ಬೀಜ ಕೇಳಿದೆ.