ಹಿಮದ ಸುದ್ದಿ, ಜವಳದ ತಂತಿ

ನನ್ನ ಗಂಡ ಪುಣೆಯ ಹವಾಮಾನ ಕಚೇರಿಯಲ್ಲಿ ಕಾರಕೂನರು. ಬೆಟ್ಟಗಳಿಂದ ತಂತಿಯಲ್ಲಿ ಬಂದ ಹಿಮದ, ಗಾಳಿಯ ಅಂಕಿಗಳನ್ನು ನಕಾಶೆಯ ಮೇಲೆ ಬರೆಯುವುದು ಅವರ ಕೆಲಸ. ಹಿಮವನ್ನು ಕಣ್ಣಾರೆ ಕಂಡವರಲ್ಲ. ಆದರೂ ಊಟಕ್ಕೆ ಕೂತರೆ, ನಾಳೆ ಕಾಶ್ಮೀರದಲ್ಲಿ ಎಷ್ಟು ಬೀಳುತ್ತದೆ ಎಂದು ತಾವೇ ಸುರಿಯುವವರ ಹಾಗೆ ಹೇಳುತ್ತಿದ್ದರು. ನಾನು ನಗುತ್ತಿದ್ದೆ. ಮಹಾಯುದ್ಧ ಬಂತು, ಶತ್ರುವಿಗೆ ತಿಳಿಯಬಾರದೆಂದು ಹವಾಮಾನ ಸರ್ಕಾರದ ಗುಟ್ಟಾಯಿತು, ಅವರ ಬಾಯಿಗೆ ಬೀಗ ಬಿತ್ತು. ಛತ್ರಿ ಒಯ್ಯಲೇ ಎಂದು ಕೇಳಿದರೂ ಉತ್ತರವಿಲ್ಲ.

ನನಗೆ ತವರು ಅಂತ ಉಳಿದಿದ್ದವನು ತಮ್ಮನೊಬ್ಬನೇ. ಕಾಶ್ಮೀರದ ಗುಡ್ಡವೊಂದರ ಮೇಲೆ, ಸಾಹೇಬರು ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದಲ್ಲಿ ಜಾರುವ ಕಡೆ, ಹೋಟೆಲಿನಲ್ಲಿ ಲೆಕ್ಕ ಬರೆಯುತ್ತಿದ್ದ. ನನ್ನ ಮಗನ ಜವಳಕ್ಕೆ ಅವನು ಬರಬೇಕಿತ್ತು. ನಮ್ಮಲ್ಲಿ ಮಗುವಿನ ಮೊದಲ ಕೂದಲು ತೆಗೆಯುವುದು ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ.

“ನಾಡಿದ್ದ ಅಲ್ಲಿಂದ ಇಳೀತಾನಂತ್ರೀ ತಮ್ಮ,” ಎಂದೆ, ಅನ್ನ ಬಡಿಸುತ್ತ.

ಅವರ ಕೈ ತಾಟಿನಲ್ಲೇ ನಿಂತಿತು.

“ಹಿಮ ಬೀಳತದೇನ್ರಿ?”

“ನನ್ನ ಕೇಳಬ್ಯಾಡ.” ಅನ್ನ ಬಿಟ್ಟು ಎದ್ದರು.

ಅನ್ನ ಬಿಟ್ಟು ಏಳುವ ಮನುಷ್ಯರಲ್ಲ ಅವರು. ಅಲ್ಲಿ ಭಾರಿ ಹಿಮ ಬೀಳುವುದಿದೆ ಎಂದು ನನಗೆ ತಿಳಿದುಹೋಯಿತು. ಆ ದಾರಿಯಲ್ಲಿ ಹಿಮ ಕುಸಿದು ಹಮಾಲರು ಹೂತುಹೋದದ್ದನ್ನು ಹಿಂದೆ ತಮ್ಮನೇ ಬರೆದಿದ್ದ. ಈಗ ತಂತಿಯಲ್ಲಿ ಹಿಮ ಎಂದು ನಾನು ಬರೆದರೆ ಗಂಡನಿಗೆ ಜೇಲು. ಸುಮ್ಮನೆ ಬರಬೇಡ ಎಂದರೆ, ಏನಾಯಿತೋ ಎಂದು ಓಡಿಬರುವ ಹುಡುಗ ಅವನು. ಬೆಳಗಾದ ಮೇಲೆ ಅಂಚೆ ಕಚೇರಿಗೆ ಹೋಗಿ ತಂತಿ ಕಳಿಸಿದೆ: ಜವಳ ಮುಗಿಯಿತು, ಬರಬೇಡ.

ಸೋದರಮಾವನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಅವನು ಬರಲಿಲ್ಲ, ಒಂದು ಸಾಲು ಬರೆಯಲೂ ಇಲ್ಲ. ವಾರ ಕಳೆದ ಮೇಲೆ, ಹೇಳಿದ ಸುಳ್ಳನ್ನು ಖರೆ ಮಾಡಲು, ಹತ್ತಾರು ಬಾಡಿಗೆ ಮನೆಗಳಿದ್ದ ನಮ್ಮ ವಾಡೆಯ ಮರಾಠಿ ಅಜ್ಜರೊಬ್ಬರ ತೊಡೆಯ ಮೇಲೆ ಮಗನನ್ನು ಕೂರಿಸಿ ಕೂದಲು ತೆಗೆಸಿದೆವು. ನಾನು ಅಡಿಗೆಮನೆಗೆ ಹೋಗಿ ಅತ್ತೆ. ನಿಜ ಬರೆಯೋಣವೆಂದರೆ ಸರ್ಕಾರದವರು ಪತ್ರಗಳನ್ನು ಒಡೆದು ಓದುವ ಕಾಲ. ಅವನ ಜೀವ ಉಳಿಯಿತಲ್ಲ ಎಂದುಕೊಂಡೇ ಉಳಿದ ವರ್ಷಗಳನ್ನು ತಳ್ಳಿದೆ.

ಯುದ್ಧ ಮುಗಿದ ಮೇಲೆ ಎಲ್ಲವನ್ನೂ ಬರೆದೆ. ತಮ್ಮ ಬಂದ. ಸೊರಗಿದ್ದ. ಚಹಾ ಕುಡಿದು, ಮಗನ ತಲೆ ಸವರಿದ.

“ಅಕ್ಕಾ, ಅವತ್ತ ಹಿಮ ಎಲ್ಲಿ ಬಿತ್ತು? ಭಾಳ ಛಲೋ ಬಿಸಲಿತ್ತು. ರಜಾ ಸಿಕ್ಕವರೆಲ್ಲಾ ಇಳದು ಊರಿಗೆ ಹೋದ್ರು. ನಾ ಒಬ್ಬಾಂವ ಉಳದೆ.”

ನಾನು ಗಂಡನ ಕಡೆ ತಿರುಗಿದೆ. “ನಿಮಗ ಗೊತ್ತಿತ್ತೇನ್ರಿ?”

“ಮರುದಿನಾನ ಕಚೇರಿಗೆ ತಂತಿ ಬಂದಿತ್ತು, ಹಿಮ ಬಿದ್ದಿಲ್ಲಂತ.”

“ಅವಾಗರೆ ಹೇಳಬಾರದಿತ್ತೇನ್ರಿ? ಜವಳ ಇನ್ನೂ ಆಗಿದ್ದಿಲ್ಲಲ್ಲಾ!”

ಸಿಟ್ಟಿಗೆ ನನ್ನ ಧ್ವನಿ ವಾಡೆಯ ಅಂಗಳದವರೆಗೂ ಕೇಳಿರಬೇಕು. ಅವರು ತಲೆ ತಗ್ಗಿಸಿದರು.

“ಬಿಸಲೂ ಹವಾಮಾನನ ಅಲ್ಲೇನ,” ಎಂದರು.