ತೊಟ್ಟಿಲೋರ ನಾಲ್ಕು ಮನೆ

ನಮ್ಮ ಸೀಮೆಯಲ್ಲಿ ಹೆಸರಿನ ಜೊತೆಗೆ ಮನೆತನದ ಹೆಸರು ಹಚ್ಚಿಕೊಂಡು ಓಡಾಡುವ ಅಭ್ಯಾಸ ಯಾರಿಗೂ ಇರಲಿಲ್ಲ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ಇಟ್ಟ ಹೆಸರು; ಅಷ್ಟರಲ್ಲೇ ಜೀವಮಾನ ಕಳೆದುಹೋಗುತ್ತಿತ್ತು. ಮನೆತನದ ಹೆಸರಿಗೆ ನಾವು ಬೆಡಗು ಎನ್ನುತ್ತಿದ್ದೆವು. ಅದು ಬಾಯಿಗೆ ಬರುತ್ತಿದ್ದುದು ಗಂಡು ಹೆಣ್ಣು ನೋಡುವಾಗ, ಇಲ್ಲವೇ ಯಾರಾದರೂ ಸತ್ತಾಗ. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರೊಳಗೆ ಮದುವೆ ಕೂಡದು. ಒಬ್ಬರು ಸತ್ತರೆ ಎಲ್ಲರಿಗೂ ಸೂತಕ. ಉಳಿದ ದಿನಗಳಲ್ಲಿ ಅದರ ಗೊಡವೆ ಯಾರಿಗೂ ಇಲ್ಲ.

ನನ್ನನ್ನು ನೋಡಲು ಬಡವನಹಳ್ಳಿ ಕಡೆಯಿಂದ ಗಂಡಿನವರು ಕೊರಟಗೆರೆಗೆ ಬಂದದ್ದು ಆಣೆ ಹೋಗಿ ನಯಾಪೈಸೆ ಬಂದ ಹೊಸತರಲ್ಲಿ. ನಮ್ಮ ತಾತ ಜಗಲಿಯ ಮೇಲೆ ಕೂತು, ಕಾಫಿ ಕೊಡುವುದಕ್ಕೂ ಮುಂಚೆ, ಬೆಡಗು ಯಾವುದು ಎಂದು ಕೇಳಿದರು.

“ತೊಟ್ಟಿಲೋರು” ಅಂದರು ಹುಡುಗನ ಅಪ್ಪ, ಮುಂದೆ ನನಗೆ ಮಾವನಾದವರು.

ತಾತನಿಗೆ ನಮ್ಮ ಜನದ ಬೆಡಗುಗಳೆಲ್ಲ ಬಾಯಿಪಾಠ. ಗಿಡದ ಹೆಸರಿನವು, ಪ್ರಾಣಿಯ ಹೆಸರಿನವು, ಊರಿನ ಹೆಸರಿನವು, ಎಲ್ಲ ಗೊತ್ತು. ಕೂಸು ಮಲಗಿಸುವ ತೊಟ್ಟಿಲಿನ ಹೆಸರು ಹೊತ್ತವರನ್ನು ಮಾತ್ರ ಅವರು ಕಂಡಿರಲಿಲ್ಲ, ಕೇಳಿರಲಿಲ್ಲ. ಒಳಗೆ ಬಂದು ಅಜ್ಜಿಯ ಕಿವಿಯಲ್ಲಿ, “ಇವ್ರು ನಮ್ ಪೈಕೀನೇ ಹೌದೋ ಅಲ್ವೋ ಅಂತ ನಂಗೆ ಅನುಮಾನ ಕಣೆ” ಅಂದರು. ಆದರೆ ನಮ್ಮಪ್ಪ ವ್ಯಾಪಾರಸ್ಥರು, ಬೇರೆ ಲೆಕ್ಕ ಹಾಕಿದರು. ಇಷ್ಟು ಅಪರೂಪದ ಬೆಡಗಾದರೆ ಅಣ್ಣತಮ್ಮನ ಸಂಬಂಧ ಎಲ್ಲಾದರೂ ಸುತ್ತಿ ಬಳಸಿ ಬಂದು ಮದುವೆ ಮುರಿಯುವ ಭಯವೇ ಇಲ್ಲವಲ್ಲ. ತಾತ ನಾಲ್ಕು ಕಡೆ ವಿಚಾರಿಸಿದರು, ನಮ್ಮವರೇ ಎಂದು ಗೊತ್ತಾಯಿತು, ಧಾರೆ ಎರೆದು ಕಳಿಸಿದರು. ಅವತ್ತೇ ನನ್ನ ತವರಿನ ಬೆಡಗು ನನ್ನಿಂದ ಕಳಚಿಕೊಂಡಿತು. ಅದಕ್ಕಾಗಿ ನಾನೇನೂ ಅಳಲಿಲ್ಲ.

ಗಂಡನ ಮನೆಗೆ ಬಂದ ಮೇಲೆ ತಿಳಿಯಿತು, ತೊಟ್ಟಿಲೋರು ಎಂಬವರದು ಭೂಮಿಯ ಮೇಲೆ ನಾಲ್ಕೇ ಮನೆ. ಬಡವನಹಳ್ಳಿ ಹತ್ತಿರ ನಮ್ಮದು, ಶಿರಾದ ಆಚೆ ಒಂದು, ಮಧುಗಿರಿಯ ಬೆಟ್ಟದ ಮಗ್ಗುಲಲ್ಲಿ ಒಂದು, ಪಾವಗಡದ ತಿರುಮಣಿಯಲ್ಲಿ ಒಂದು. ಗಡಿ ದಾಟಿದರೆ ಮಡಕಶಿರಾ ಕಡೆ ಐದನೆಯದು ಇದೆಯಂತೆ ಎಂದು ಮಾವ ಹೇಳುತ್ತಿದ್ದರು, ಆದರೆ ಅದನ್ನು ನೋಡಿ ಬಂದವರು ಯಾರೂ ಇರಲಿಲ್ಲ. ಈ ನಾಲ್ಕು ಮನೆಗಳ ನಡುವೆ ಓಡಾಡುವ ತೊಟ್ಟಿಲು ಒಂದೇ. ಯಾರ ಮನೆಯಲ್ಲಿ ಕೂಸು ಹುಟ್ಟಿತೋ ಅವರು ಹೋಗಿ, ಅದು ಇದ್ದ ಮನೆಯಿಂದ ತರಬೇಕು. ತೊಟ್ಟಿಲೋರು ತೊಟ್ಟಿಲು ಮಾಡಿಸುವಂತಿಲ್ಲ, ಕೊಳ್ಳುವಂತಿಲ್ಲ. ಹೊತ್ತು ತರುವಾಗ ಶಿರಾದಲ್ಲಿ ಒಬ್ಬ ಸಾಬರ ಬಡಗಿ ಮನೆಯಲ್ಲಿ ಇಳಿಸಿ, ಅವರಿಂದ ಮುಟ್ಟಿಸಿಕೊಂಡೇ ಬರಬೇಕು. ಯಾಕೆ ಎಂದು ಕೇಳಿದರೆ, ಆತ ಒಳ್ಳೇ ಕೆಲಸಗಾರ, ಸಡಿಲವಾದ ಗೂಟ ಬಿಗಿ ಮಾಡಿ ಕೊಡುತ್ತಾನೆ ಎನ್ನುತ್ತಿದ್ದರು.

ಹೆಸರು ಬಂದದ್ದು ಹೇಗೆ ಎಂದು ನಾನು ಅತ್ತೆಯನ್ನು ಕೇಳಿದ್ದೆ. ಅವರ ಪ್ರಕಾರ, ಮೂಲಪುರುಷ ಹುಟ್ಟಿದಾಗ ಮಧುಗಿರಿಯ ಪಾಳೇಗಾರ ಬೆಳ್ಳಿಯ ಸರಪಳಿಯ ತೊಟ್ಟಿಲು ಉಡುಗೊರೆ ಕಳಿಸಿದ್ದನಂತೆ. ಪಾಳೇಗಾರನಿಗೂ ಹೊಲ ಉಳುವವನ ಮನೆಯ ಕೂಸಿಗೂ ಏನು ಸಂಬಂಧ ಎಂದು ಕೇಳಿದ್ದಕ್ಕೆ, “ದೊಡ್ಡೋರು ಹೇಳಿದ್ದು ಕಣಮ್ಮ, ಅಂಗೆಲ್ಲ ಕೆದಕಬಾರ್ದು” ಅಂದರು. ನಾನು ಕೊರಟಗೆರೆಯಲ್ಲಿ ಮಿಡ್ಲ್ ಸ್ಕೂಲ್ ಮುಗಿಸಿದವಳು, ಕೆದಕುವ ಚಾಳಿ ಇತ್ತು. ಆದರೂ ಸುಮ್ಮನಾದೆ. ಬೆಳ್ಳಿ ಸರಪಳಿಯ ಕಥೆ ಕೇಳಿ ಒಳಗೊಳಗೇ ನಕ್ಕಿದ್ದೂ ನಿಜ.

ಹೆರಿಗೆಗೆ ತವರಿಗೆ ಹೋದೆ. ಹೆಣ್ಣುಕೂಸು ಹುಟ್ಟಿತು. ಬಾಣಂತನ ಮುಗಿಸಿಕೊಂಡು ಗಂಡನ ಮನೆಗೆ ಬಂದ ಮೇಲೆ ತೊಟ್ಟಿಲಿಗೆ ಹಾಕಿ ಹೆಸರಿಡುವುದು ಅವರ ಪದ್ಧತಿ. ಅತ್ತೆ ಕೂಸು ನೋಡಲು ಬಂದಾಗ ನಮ್ಮಮ್ಮ ಮಾತಿಗೆ, ತೊಟ್ಟಿಲು ಈಗ ಯಾರ ಮನೆಯಲ್ಲಿದೆ ಎಂದು ಕೇಳಿದರು.

“ತಿರುಮಣೀಲಿ ಐತೆ. ಹೆಣ್ಣುಕೂಸಿಗೆ ಯಾಕಮ್ಮ ಅಷ್ಟು ದೂರದಿಂದ ತರ್ಸಾದು? ನಾಳೆ ಇನ್ನೊಬ್ರ ಬೆಡಗಿಗೆ ಹೋಗೋ ಜೀವ. ಒಂದು ಹಳೇ ಸೀರೆ ಕಟ್ಬುಟ್ರೆ ಆಯ್ತು” ಅಂದರು ಅತ್ತೆ.

ಅಲ್ಲಿಯವರೆಗೆ ಆ ತೊಟ್ಟಿಲಿನ ಮೇಲೆ ನನಗೆ ಮೂರು ಕಾಸಿನ ಗೌರವ ಇರಲಿಲ್ಲ. ಬೇಡ ಅಂದದ್ದೇ ತಡ, ಬೇಕೇ ಬೇಕು ಅನ್ನಿಸಿತು. ನನ್ನ ಸ್ವಭಾವವೇ ಹಾಗೆ. ಆದರೆ ಬರೀ ಹಟ ಅಂತಲೂ ಅಲ್ಲ. ನನ್ನ ಬೆಡಗು ಧಾರೆಯಲ್ಲಿ ಹೋಯಿತು. ನನ್ನ ಮಗಳಿಗೆ ಹುಟ್ಟಿದಾಗಿನಿಂದಲೇ ಯಾವುದೂ ಇಲ್ಲ ಅಂದರೆ ಏನರ್ಥ? ಮದುವೆಯಲ್ಲಿ ಬಿಟ್ಟುಹೋಗುವುದಕ್ಕಾದರೂ ಅವಳ ಕೈಯಲ್ಲಿ ಒಂದು ಹೆಸರು ಇರಬೇಡವೇ?

ಐದನೇ ತಿಂಗಳಲ್ಲಿ ನಮ್ಮವರು ಕರೆದುಕೊಂಡು ಹೋಗಲು ಬಂದರು. ಮಧುಗಿರಿಯಲ್ಲಿ ಇಳಿದು ಬಡವನಹಳ್ಳಿಯ ಬಸ್ಸು ಹಿಡಿಯಬೇಕು. ಅದಿನ್ನೂ ಬಂದಿರಲಿಲ್ಲ, ಪಾವಗಡದ ಬಸ್ಸು ಹೊರಡಲು ನಿಂತಿತ್ತು. ನಾನು ಕೂಸನ್ನು ಅವಚಿಕೊಂಡು ಅದನ್ನು ಹತ್ತಿ ಕಿಟಕಿ ಪಕ್ಕ ಕೂತೆ.

“ಲೇ, ಅದು ಪಾವಗಡದ ಬಸ್ಸು ಕಣೆ!” ಎಂದು ಕೆಳಗಿನಿಂದ ಕೂಗಿದರು.

“ನಂಗೂ ಬೋರ್ಡು ಓದಕ್ಕೆ ಬರ್ತದೆ. ತಿರುಮಣಿಗೆ ಹೋಗಿ ತೊಟ್ಟಿಲು ತಗಂಡೇ ಮನೆಗೆ ಬರಾದು.”

“ಅವ್ವಂಗೆ ಏನ್ ಹೇಳ್ಲಿ?”

“ನಾನೇ ಹೇಳ್ತೀನಿ.”

ನಮ್ಮವರು ಜಗಳಗಂಟರಲ್ಲ. ಅವ್ವನಿಗೂ ನನಗೂ ಅವರು ಕೊಡುತ್ತಿದ್ದುದು ಒಂದೇ ಉತ್ತರ: ಆಮೇಲೆ ನೋಡೋಣ. ಕಂಡಕ್ಟರು ಸೀಟಿ ಊದಿದ್ದರಿಂದ ಆಮೇಲೆ ನೋಡುವುದಕ್ಕೆ ಅವಕಾಶ ಸಿಗಲಿಲ್ಲ. ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿ ಅವರೂ ಹತ್ತಿದರು. ಪಾವಗಡದವರೆಗೆ ನನ್ನ ಜೊತೆ ಮಾತಾಡಲಿಲ್ಲ, ಆದರೆ ದಾರಿಯುದ್ದಕ್ಕೂ ಕೂಸಿನ ಮುಖಕ್ಕೆ ಬಿಸಿಲು ಬೀಳದಂತೆ ಟವೆಲ್ಲು ಹಿಡಿದುಕೊಂಡಿದ್ದರು.

ಪಾವಗಡದಿಂದ ಎತ್ತಿನಗಾಡಿ ಸಿಕ್ಕಿತು. ತಿರುಮಣಿ ಸೇರಿದಾಗ ಇಳಿಹೊತ್ತು. ಆ ಮನೆಯ ಹಿರಿಯಾಕೆ ನಮ್ಮವರಿಗೆ ದೊಡ್ಡಮ್ಮ ಆಗಬೇಕು. ಅರ್ಧ ಕನ್ನಡ, ಅರ್ಧ ತೆಲುಗು, ಎರಡನ್ನೂ ಜೋರಾಗಿಯೇ ಆಡುವ ಹೆಂಗಸು.

“ರಾ ತಲ್ಲಿ, ಒಳಕ್ಕೆ ರಾ. ಯಾವ ಕೂಸು? ಆಡಪಿಲ್ಲಾನಾ, ಹೆಣ್ಣಾ? ಮಂಚಿದೇ, ಒಳ್ಳೇದೇ ಆಯ್ತು” ಎಂದು ಮಗಳನ್ನು ಕೈಯಿಂದ ಕಿತ್ತುಕೊಂಡೇ ಬಿಟ್ಟರು.

ಪಾಳೇಗಾರನ ತೊಟ್ಟಿಲನ್ನು ನಾನು ಕಣ್ಣಾರೆ ಕಂಡದ್ದು ಅವತ್ತು. ಒಳಮನೆಯ ತೊಲೆಗೆ ನೇತುಹಾಕಿ, ತುಂಬ ಈರುಳ್ಳಿ ಸುರಿದಿದ್ದರು. ಅವರ ಮೊಮ್ಮಗ ನಡೆಯಲು ಕಲಿತು ತಿಂಗಳುಗಳಾಗಿದ್ದವು, ತೊಟ್ಟಿಲು ಖಾಲಿ ಇಡುವುದು ಯಾಕೆ ಎಂದು. ಬೇವಿನ ಮರದ್ದು. ಒಂದು ಪಕ್ಕದ ಪಟ್ಟಿ ಹಳೆಯದು, ಉಳಿದ ಮೂರು ಬೇರೆ ಬೇರೆ ಕಾಲದಲ್ಲಿ ಬದಲಾಯಿಸಿದವು. ಸರಪಳಿ ಕಬ್ಬಿಣದ್ದು, ತುಕ್ಕು ಹಿಡಿದಿತ್ತು. ನಾನು ಬೆಳ್ಳಿಯ ಮಾತು ಎತ್ತಿದೆ. ದೊಡ್ಡಮ್ಮ ಗೋಡೆಗೆ ಒರಗಿ ನಕ್ಕರು.

“ಪಾಳೇಗಾರ ಯಾಕ್ ಕೊಡ್ತಾನೆ ತಲ್ಲಿ? ಕೊಟ್ಟೋನು ಶಿರಾದ ಸಾಯ್ಬು. ಆ ಕಾಲ್ದಾಗೆ ನಮ್ಮೋರು ಶಿರಾ ಕಡೆ ಇದ್ರು. ಗಂಡ ಹೆಂಡ್ತಿ ಇಬ್ರೇ. ತೊಟ್ಟಿಲು ಮಾಡ್ಸೋರು, ಕೂಸು ಸತ್ತೋಗೋದು. ಇನ್ನೊಂದು ಮಾಡ್ಸೋರು, ಅದೂ ಅಂಗೇ. ತೊಟ್ಟಿಲು ಮಾಡ್ತಿದ್ದ ಸಾಯ್ಬುಗೆ ಸಂಕ್ಟ ಆಗೋಯ್ತು. ಇನ್ನು ಹೊಸದು ಮಾಡಕಿಲ್ಲ, ನನ್ನ ಮಕ್ಳು ಮಲಗಿ ಎದ್ದಿರೋದು ತಗಂಡೋಗು, ನಿಂದು ಅಂತ ಇಟ್ಕಾಬ್ಯಾಡ, ಬೇಕಾದೋರಿಗೆ ಕೊಡ್ತಾ ಹೋಗು ಅಂದ. ಆ ಕೂಸು ಉಳೀತು.”

“ಆ ಕೂಸೇ ಮೂಲಪುರುಷನಾ?” ಎಂದು ಕೇಳಿದೆ.

“ಪುರುಷ ಯಾಕಾದಾನು? ಆಡಪಿಲ್ಲ! ಇದ್ದಿದ್ದು ಒಬ್ಬಳೇ ಮಗಳು ಅಂತ ಮನೆಯಳಿಯನ್ನ ತಂದ್ರು. ಅವಳ ಮಕ್ಳನ್ನ ಅಪ್ಪನ ಬೆಡಗಿಂದ ಕರೀದೆ, ತೊಟ್ಟಿಲೋಳ ಮಕ್ಳು, ತೊಟ್ಟಿಲೋಳ ಮಕ್ಳು ಅಂತ ಊರೋರು ಕರೆದ್ರು. ನಾವೆಲ್ಲ ಅವ್ರ ಪೈಕಿ. ನಮ್ಮನೇಲಿ ಹೆಣ್ಣು ಗಂಡು ಎಲ್ಲಾ ಇದ್ರಾಗೇ ಮಲಗಿದ್ದು.”

ನಮ್ಮವರು ಊಟ ಮಾಡುತ್ತಿದ್ದವರು ತಲೆ ಎತ್ತಿ ನನ್ನನ್ನೊಮ್ಮೆ ನೋಡಿ, ಮತ್ತೆ ಊಟಕ್ಕೆ ಬಾಗಿದರು. ನನಗೆ ಎಲ್ಲಿಲ್ಲದ ಖುಷಿ. ಅತ್ತೆಯ ಮುಂದೆ ಈ ಮಾತು ಹೇಗೆ ಇಳಿಸಬೇಕು ಎಂದು ಅಲ್ಲೇ ಜೋಡಿಸಿಕೊಳ್ಳತೊಡಗಿದೆ.

ಮಾರನೆಯ ದಿನ ಈರುಳ್ಳಿ ತೆಗೆದು, ತೊಟ್ಟಿಲು ತೊಳೆದು, ಗಾಡಿಯಲ್ಲಿ ಪಾವಗಡಕ್ಕೆ ತಂದು ಬಸ್ಸಿನ ಮೇಲೆ ಕಟ್ಟಿಸಿ, ಶಿರಾಕ್ಕೆ ಬಂದೆವು. ಬಡಗಿಯ ಮನೆ ಕೇಳಿದರೆ ಯಾರಾದರೂ ತೋರಿಸುತ್ತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿದ್ದ ಯಜಮಾನರು ಅಂಗಳದಲ್ಲಿ ಇಳಿಸಿಕೊಂಡು, ಒಂದೊಂದು ಗೂಟವನ್ನೂ ಅಲುಗಾಡಿಸಿ ನೋಡಿ, ಎರಡಕ್ಕೆ ಬೆಣೆ ಹೊಡೆದರು. ಆಮೇಲೆ ಕೂಸಿನ ಕಡೆ ತಿರುಗಿದರು.

“ಬೇಟಿಯಾ ಅಮ್ಮ? ಒಳ್ಳೇದಾಯ್ತು. ಮೊದಲ್ದೂ ಬೇಟೀನೇ ತಾನೇ ಇದ್ದಿದ್ದು, ನಮ್ಮ ದಾದಾ, ಅಪ್ಪನ ಅಪ್ಪ, ಹೇಳೋರು” ಅಂದರು. ನಾನೇನೂ ಕೇಳಿರಲಿಲ್ಲ. ಅವರೇ ಹೇಳಿದ್ದು.

ಮನೆಯ ಮುಂದೆ ನಮ್ಮವರು ಹೆಗಲ ಮೇಲಿನ ತೊಟ್ಟಿಲನ್ನು ಇಳಿಸಿದಾಗ ಅತ್ತೆ ಬಾಗಿಲಲ್ಲೇ ಇದ್ದರು. ನಾನು ಸೆರಗು ಬಿಗಿದುಕೊಂಡು ಜಗಳಕ್ಕೆ ತಯಾರಾಗಿದ್ದೆ. ಅವರು ಬೈಯಲಿಲ್ಲ. ಕೂಸಿಗೆ ಆರತಿ ಎತ್ತಿ ಒಳಗೆ ಕರೆದುಕೊಂಡರು. ಹಾಗೆ ಬಿಡುವವಳಲ್ಲ ನಾನು. ಮಾವ, ನಮ್ಮವರು, ಪಕ್ಕದ ಮನೆಯವರು ಎಲ್ಲ ಇದ್ದಾಗಲೇ ತಿರುಮಣಿಯ ಕಥೆಯನ್ನು ಒಂದಕ್ಷರ ಬಿಡದೆ ಹೇಳಿದೆ. ಮೊದಲ ಕೂಸು ಹೆಣ್ಣು ಎಂಬ ಮಾತನ್ನು ಎರಡು ಸಲ ಹೇಳಿದೆ.

“ಗೊತ್ತು” ಅಂದರು ಅತ್ತೆ.

“ಗೊತ್ತಿದ್ದೂ ಪಾಳೇಗಾರನ ಕಥೆ ಹೇಳಿದ್ರಾ ಅತ್ತೆ?”

ಅವರು ಅಡುಗೆಮನೆಗೆ ಹೋಗಿ, ಸ್ವಲ್ಪ ಹೊತ್ತಿಗೆ ನನ್ನನ್ನು ಒಬ್ಬಳನ್ನೇ ಕರೆದರು. “ಹೆಸರಿಡೋಕೆ ನನ್ನ ಮಗಳಿಗೆ ಹೇಳಿಕಳಿಸಾದು ಬ್ಯಾಡ ಕಣಮ್ಮ. ಮನೆಮಟ್ಟಿಗೆ ಮಾಡ್ಕಬುಡಾಣ” ಅಂದರು.

ಅವರಿಗೆ ಇದ್ದದ್ದು ಒಬ್ಬಳೇ ಮಗಳು, ನಮ್ಮವರಿಗಿಂತ ದೊಡ್ಡವಳು, ಶಿರಾ ಕಡೆ ಕೊಟ್ಟಿದ್ದರು. ಕೂಸನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆಯೇ. ಅವಳಿಲ್ಲದೆ ಹೆಸರಿಡುವುದು ಎಲ್ಲಾದರೂ ಉಂಟೇ? ಸೋತ ಸಿಟ್ಟಿಗೆ ಶಾಸ್ತ್ರವನ್ನೇ ಕೆಡಿಸಲು ನೋಡುತ್ತಿದ್ದಾರೆ ಎಂದುಕೊಂಡು, ಅವರ ಎದುರಿಗೇ ನಮ್ಮವರಿಂದ ಹೇಳಿಕಳಿಸಿದೆ.

ನಾದಿನಿ ಬಂದರು. ಮೂರು ಮಕ್ಕಳ ತಾಯಿ, ಕಡಿಮೆ ಮಾತಿನವರು, ಬಂದವರೇ ಕೆಲಸಕ್ಕೆ ಕೈ ಹಾಕಿದರು. ತೊಟ್ಟಿಲಿಗೆ ಹೂವು ಕಟ್ಟಿದ್ದೂ ಅವರೇ. ಊರಿನ ಹೆಂಗಸರೆಲ್ಲ ಸೇರಿ ಜೋಗುಳದ ಹಾಡು ಶುರು ಮಾಡಿದರು. ಕೂಸನ್ನು ಅವರ ಕೈಗೆ ಕೊಟ್ಟೆ. ಅವರು ತೊಟ್ಟಿಲ ಹತ್ತಿರ ಹೋಗಿ ನಿಂತರು, ಬಾಗಲಿಲ್ಲ. ಹಾಡು ಒಂದು ಸುತ್ತು ಮುಗಿಯಿತು.

“ಅವ್ವ,” ಅಂದರು ನಾದಿನಿ, ತಿರುಗಿ ನೋಡದೆ. “ತಮ್ಮನ್ನ ಇದ್ರಾಗೆ ಹಾಕಿದ್ದು ನಂಗೆ ಚೆನ್ನಾಗಿ ನೆಪ್ಪೈತೆ. ತೂಗಿದ್ದು ನಾನೇ. ನನ್ನ ಯಾಕವ್ವ ಹಾಕ್ಲಿಲ್ಲ? ಹೆಣ್ಣುಕೂಸನ್ನ ಹಾಕಂಗಿಲ್ಲ ಅಂತ ನೀನೇ ಅಂದಿದ್ದೆ.”

ಅತ್ತೆ ಗೋಡೆ ಹಿಡಿದುಕೊಂಡು ನಿಂತಿದ್ದರು. ಈ ಪ್ರಶ್ನೆಗೆ ಹೆದರಿಕೊಂಡೇ ಅವರು ಪಾಳೇಗಾರನನ್ನು ಕರೆತಂದದ್ದು, ಸೀರೆ ಕಟ್ಟಿ ಎಂದದ್ದು, ಮಗಳು ಬರುವುದು ಬೇಡ ಎಂದದ್ದು ಎಂಬುದು ಆಗ ನನಗೆ ಅರ್ಥವಾಯಿತು. ತಲೆ ತಗ್ಗಿಸುವಷ್ಟು ನಾಚಿಕೆಯಾಯಿತು.

“ನಮ್ಮತ್ತೆ ಬ್ಯಾಡ ಅಂದ್ರು. ಆಗ ನಂಗೆ ಬಾಯಿರ್ಲಿಲ್ಲ ಕಣಮ್ಮ” ಅಂದರು ಅತ್ತೆ.

“ಇವಳಿಗೆ ಬಾಯಿತ್ತಲ್ಲವ್ವ” ಅಂದರು ನಾದಿನಿ, ನನ್ನ ಕಡೆ ನೋಡುತ್ತ.

ಆಮೇಲೆ ಅವರು ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ, ಬಾಗಿ, ಕಿವಿಯಲ್ಲಿ ಹೆಸರು ಹೇಳಿದರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋದರು. ಅವರ ಹಿಂದೆ ಹೋಗುವ ಧೈರ್ಯ ನನಗೆ ಬರಲಿಲ್ಲ.