ಬೀಗದ ಭಾವನೂ ಬಾಯಿ ಬಿಡದ ಚಹಾ ಬಿಲ್ಲೆಯೂ

ನಮ್ಮ ಭಾವ ಬೀಗ ರಿಪೇರಿ ಮಾಡುವವರು. ಅವರ ಕೈಗೆ ಸಿಕ್ಕ ಯಾವ ಬೀಗವೂ ಬಾಯಿ ಬಿಡದೆ ಉಳಿದದ್ದಿಲ್ಲ. ಅವರು ಬಾಯಿ ಮುಚ್ಚಿದ್ದೂ ಇಲ್ಲ.

ಅವರ ಅಂಗಡಿಗೆ ಬೀದಿಯ ಕಡೆ ಒಂದೇ ಕಿಟಕಿ. ಹಿಂದಿನ ಎರಡು ಕೋಣೆಯೇ ಮನೆ. ಅಲ್ಲಿ ಅಡುಗೆಮನೆಯ ಕತ್ತಲ ಮೂಲೆಯಲ್ಲಿ ನನ್ನ ಅಕ್ಕನ ಹೊಲಿಗೆ ಯಂತ್ರ. ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಅವಳ ಕಣ್ಣಲ್ಲಿ ನೀರು. ಕಿಟಕಿಯ ಕೆಳಗಿನ ಹಳೆ ಬೀಗಗಳ ರಾಶಿ ತೆಗೆದ ತಕ್ಷಣ ಆ ಜಾಗ ಅವಳಿಗೇ ಎಂದು ಭಾವ ಮಾತು ಕೊಟ್ಟಿದ್ದರು. ಅಂತೂ ರಾಶಿ ಹೋಯಿತು. ಅದೇ ವಾರ ಚಹಾ ಬಂತು.

ಪೆಟ್ಟಿಗೆಗೆ ಬೀಗ ಜಡಿದು ಕೀಲಿಯನ್ನು ಒಳಗೇ ಮರೆತಿದ್ದ ಪ್ರವಾಸಿಯೊಬ್ಬ ಕೃತಜ್ಞತೆಯಿಂದ ಕೊಟ್ಟದ್ದು ಅದು. ಚೀನಾದ ಪು-ಎರ್ ಚಹಾ. ಎಲೆಯನ್ನು ಹಬೆಯಲ್ಲಿ ಮೆತ್ತಗೆ ಮಾಡಿ, ಒತ್ತಿ, ಬಿಲ್ಲೆ ಕಟ್ಟಿ ವರ್ಷಗಟ್ಟಲೆ ಇಡುತ್ತಾರಂತೆ. ಇಟ್ಟಷ್ಟೂ ರುಚಿಯಂತೆ. ಅಂದಿನಿಂದ ಭಾವ ಹಾಲು ಹಾಕಿದ ಚಹಾವನ್ನು ಅನಾಗರಿಕರ ಪಾನೀಯವೆಂದು ಘೋಷಿಸಿದರು. ಕಿಟಕಿಯ ಬಳಿ ಒಂದು ಮೇಜು, ಎರಡು ಕುರ್ಚಿ, ಬಂದ ಗಿರಾಕಿಗೆ ಪು-ಎರ್. ಅವರ ಕನಸು ಇಷ್ಟೇ.

"ಆ ಜಾಗ ನಂದಲ್ವಾ?" ಎಂದಳು ಅಕ್ಕ.

"ಯಂತ್ರ ಎಲ್ಲಿಟ್ರೂ ಹೊಲಿಯುತ್ತೆ ಕಣೇ. ಚಹಾಕ್ಕೆ ವಾತಾವರಣ ಬೇಕು."

"ಸರಿ. ನಾನು ಒಂದು ಗುಟುಕು ಕುಡೀತೀನಿ. ಚೆನ್ನಾಗಿದ್ರೆ ಕಿಟಕಿ ನಿಮ್ಮ ಚಹಾಕ್ಕೆ. ಇಲ್ದಿದ್ರೆ ಯಂತ್ರಕ್ಕೆ. ನನ್ನ ತಮ್ಮನೇ ಸಾಕ್ಷಿ."

ಸಾಕ್ಷಿಯಾದ ನಾನು ಕೂಡಲೇ ಕುರ್ಚಿ ಎಳೆದುಕೊಂಡು ಕೂತೆ.

ಮೊದಲ ಯುದ್ಧ ಬಿಲ್ಲೆಯೊಡನೆ. ಕಲ್ಲಿನಂಥ ಬಿಲ್ಲೆ. ಅಂಚಿಗೆ ಚೂಪಾದ್ದೇನಾದರೂ ತೂರಿಸಿ ಪದರ ಪದರವಾಗಿ ಬಿಡಿಸಬೇಕೆಂದು ಪ್ರವಾಸಿ ಹೇಳಿದ್ದ. ಭಾವ ಬಿಲ್ಲೆಯನ್ನು ಮಗುಚಿ ನೋಡಿದರೆ ನಡುವೆ ಒಂದು ಗುಳಿ! ಮೂವತ್ತು ವರ್ಷದ ಅನುಭವಿಯ ಕಣ್ಣು ಮಿಂಚಿತು.

"ಇದೇ ಕೀಲಿಕಿಂಡಿ ಕಣೋ. ಅಂಚು ಗಿಂಚು ಅನ್ನೋದೆಲ್ಲ ಕಳ್ಳರನ್ನ ದಾರಿ ತಪ್ಪಿಸೋಕೆ."

ಗುಳಿಗೆ ಕೊಕ್ಕೆ ತೂರಿಸಿದರು, ಕಿವಿಯಿಟ್ಟು ಆಲಿಸಿದರು, ಅತ್ತಿತ್ತ ತಿರುಗಿಸಿದರು. ಇಡೀ ಬಿಲ್ಲೆಯಲ್ಲಿ ಅತಿ ಗಟ್ಟಿಯಾದ ಜಾಗವೇ ಅದು. ಕೊಕ್ಕೆ ಬಾಗಿತು. ಇನ್ನೊಂದೂ ಬಾಗಿತು. ಕೊನೆಗೆ ಬಿಲ್ಲೆ ಕೈಜಾರಿ ನೆಲಕ್ಕೆ ಬಿದ್ದು ತಾನಾಗಿಯೇ ಎರಡಾಯಿತು.

"ನೋಡಿದ್ಯಾ, ತೆಗೆದೆ!" ಎಂದರು ಭಾವ.

ಅಕ್ಕ ಚಿಕ್ಕ ಹೋಳನ್ನು ನೆಲದಿಂದ ಆರಿಸಿ, ಧೂಳು ಕೊಡವಿ, ಖಾಲಿ ಮಣ್ಣಿನ ಕುಡಿಕೆಗೆ ಹಾಕಿ, ತೆಳುಬಟ್ಟೆ ಮುಚ್ಚಿ ಕಪಾಟಿನ ಮೇಲಿಟ್ಟಳು. ಭಾವ ದೊಡ್ಡ ಹೋಳನ್ನು ಅಂಗಡಿಯ ಕಬ್ಬಿಣದ ತಿಜೋರಿಯಲ್ಲಿಟ್ಟು ಮೂರು ಬೀಗ ಜಡಿದರು. ಅಮೂಲ್ಯವಾದದ್ದನ್ನು ಇನ್ನೆಲ್ಲಿ ಇಡುವುದು? ಪಕ್ಕದಲ್ಲಿ ಬೀಗಕ್ಕೆ ಬಿಡುವ ಎಣ್ಣೆಯ ಡಬ್ಬಿಯೂ ಬೆಚ್ಚಗೆ ಕುಳಿತಿತ್ತು.

ಇಟ್ಟಷ್ಟೂ ರುಚಿಯೆಂದು ಭಾವ ಎಲ್ಲರನ್ನೂ ಕಾಯಿಸಿ, ತಿಂಗಳು ಕಳೆದು ಪರೀಕ್ಷೆಯ ದಿನ ಬಂತು. ಭಾವ ತಿಜೋರಿಯ ಹೋಳಿನಿಂದ ಬಿಡಿಸಿದ ಎಲೆಗೆ ಬಿಸಿನೀರು ಹೊಯ್ದು, ಆ ನೀರನ್ನು ಮೋರಿಗೆ ಚೆಲ್ಲಿದರು.

"ಅಯ್ಯೋ, ಕುಡಿಯೋದನ್ನ ಚೆಲ್ತೀರಲ್ರೀ!"

"ಮೊದಲ ನೀರು ಎಲೆಯನ್ನ ಎಬ್ಬಿಸೋಕೆ. ನಿನಗೆ ತಿಳಿಯಲ್ಲ."

ಎದ್ದ ಎಲೆಯ ಎರಡನೇ ನೀರು ಬಟ್ಟಲಿಗೆ ಬಂತು. ಕಪ್ಪು ಕೆಂಪು ಬಣ್ಣ. ಭಾವ ಗುಟುಕರಿಸಿ ಕಣ್ಣು ಮುಚ್ಚಿದರು.

"ಆಹಾ! ಏನು ಗಾಂಭೀರ್ಯ! ಪುರಾತನ ಲೋಹದ ಛಾಯೆ! ನಾಲಿಗೆ ಮೇಲೆ ಹೇಗೆ ಜಾರುತ್ತೆ ನೋಡು!"

ನಾನೂ ಕುಡಿದೆ. ಜಾರುವುದೇನೋ ನಿಜ. ಸಾಕ್ಷಿಗಳು ಇಂಥ ಹೊತ್ತಿನಲ್ಲಿ ಕೆಮ್ಮುವುದು ವಾಡಿಕೆ. ಕೆಮ್ಮಿದೆ.

ಅಕ್ಕ ಬಟ್ಟಲು ಮೂಗಿನ ಹತ್ತಿರ ತಂದು ಅಲ್ಲೇ ಕೆಳಗಿಟ್ಟಳು. "ಇದು ಮಷಿನ್ ಎಣ್ಣೆ ಕಣ್ರೀ. ದಿನಾ ನನ್ನ ಯಂತ್ರಕ್ಕೆ ಬಿಡ್ತೀನಿ, ನನಗೆ ಗೊತ್ತಾಗಲ್ವಾ? ಚಹಾ ಪಕ್ಕದ ವಾಸನೆ ಹೀರಿದೆ."

ಭಾವನ ಮುಖ ತುಕ್ಕು ಹಿಡಿದ ಬೀಗವಾಯಿತು. ಅಕ್ಕ ಒಳಗೆ ಹೋಗಿ ತನ್ನ ಕುಡಿಕೆಯ ಹೋಳಿನಿಂದ ಒಂದಿಷ್ಟು ಬಿಡಿಸಿ ಚಹಾ ಮಾಡಿ ತಂದಳು. ಭಾವ ಕುಡಿದರು. ಮಳೆ ನಿಂತ ಮೇಲಿನ ಮಣ್ಣಿನ ಹಾಗೆ, ಒಣಮರದ ಹಾಗೆ, ನುಂಗಿದ ಮೇಲೆ ಗಂಟಲಲ್ಲಿ ಸಣ್ಣಗೆ ಸಿಹಿ. ಅವರು ತಳದವರೆಗೂ ಹೀರಿದರು. ಬಟ್ಟಲನ್ನು ಮತ್ತೆ ಮುಂದೆ ಚಾಚಿದರು.

ಅಕ್ಕನೂ ಕುಡಿದಳು. ಸುಳ್ಳು ಹೇಳುವವಳಲ್ಲ. "ಚೆನ್ನಾಗಿದೆ."

ಭಾವ ಚಂಗನೆ ಎದ್ದರು. "ಹಾಗಾದ್ರೆ ಕಿಟಕಿ ನಂದು!"

"ಹೆಂಗ್ರೀ? ಚೆನ್ನಾಗಿದ್ರೆ ನಿಮ್ಮ ಚಹಾಕ್ಕೆ ಕಿಟಕಿ ಅಂದಿದ್ದೆ. ನಿಮ್ಮ ಚಹಾ ತಿಜೋರಿಯಲ್ಲಿದೆ. ಇದು ನನ್ನದು. ಏನಪ್ಪಾ ಸಾಕ್ಷಿ?"

ಸಾಕ್ಷಿಯ ಬಟ್ಟಲು ಖಾಲಿಯಾಗಿತ್ತು, ಕುಡಿಕೆ ಅಕ್ಕನ ಕೈಯಲ್ಲಿತ್ತು. ನ್ಯಾಯ ಅಕ್ಕನ ಕಡೆಗೇ ಎಂದೆ.

ಯಂತ್ರ ಹೊರಲು ಭಾವ ಒಂದು ಕಡೆ, ನಾನು ಒಂದು ಕಡೆ. ಈಗ ಕಿಟಕಿಯ ಬೆಳಕಲ್ಲಿ ಅಕ್ಕ ಹೊಲಿಯುತ್ತಾಳೆ, ಸೂಜಿಗೆ ದಾರ ಒಂದೇ ಸಲಕ್ಕೆ ಏರುತ್ತದೆ. ಎದುರಿಗೆ ಸ್ಟೂಲಿನ ಮೇಲೆ ಭಾವ, ಖಾಲಿ ಬಟ್ಟಲು ಹಿಡಿದು, "ಆ ಕುಡಿಕೆ ಸ್ವಲ್ಪ ತೆಗೀತೀಯೇನೇ?" ಎಂದು ಕಾಯುತ್ತಾರೆ. ಕುಡಿಕೆಗೆ ಬೀಗವಿಲ್ಲ. ಆದರೂ ಅದೊಂದನ್ನು ತೆರೆಯುವ ಧೈರ್ಯ ಅವರಿಗಿನ್ನೂ ಬಂದಿಲ್ಲ.